ಬೇಗ ಮುಗಿದ ಪಾಠ, ತುಂಬದ ವಯಸ್ಸು

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ತಾಯ್ತಂದೆಗಳು ಬಲು ಸಂತೋಷದಿಂದ ಹೇಳಿಕೊಳ್ಳುವುದುಂಟು. ಆದರೆ ಮೊಳಕೆ ಎಣಿಕೆಗೆ ಮೀರಿ ಬೆಳೆದುಬಿಟ್ಟರೆ ಅದನ್ನು ಎಂದು, ಯಾವ ಪಾತಿಯಲ್ಲಿ ನೆಡಬೇಕು ಎಂಬುದಕ್ಕೆ ಗಾದೆಯಲ್ಲಿ ಉತ್ತರವಿಲ್ಲ. ಮಗುವನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವವರಿಗೆ ಈ ತೊಡಕು ಇನ್ನೂ ಹೆಚ್ಚು. ಶಾಲೆಯಲ್ಲಾದರೆ ಜೂನ್ ತಿಂಗಳು ಬಂದೊಡನೆ ಮಗು ತಾನಾಗಿ ಮುಂದಿನ ತರಗತಿಗೆ ಹೋಗುತ್ತದೆ. ಮನೆಯಲ್ಲಿ ಆ ಲೆಕ್ಕವನ್ನು ಹಿರಿಯರೇ ಇಡಬೇಕು.

ಉದಾಹರಣೆಗೆ ಹೊನ್ನಾವರದಲ್ಲಿ ಅಂಥದೊಂದು ಮನೆಯಿದೆ ಎಂದಿಟ್ಟುಕೊಳ್ಳಬಹುದು. ತಂದೆಗೆ ಕುಮಟೆಯಲ್ಲಿ ನೌಕರಿ. ತಾಯಿ ಗಣಿತ ಓದಿದವಳು. ಮಗಳಿಗೆ ಹನ್ನೊಂದು ವರ್ಷ. ಒಂಬತ್ತನೆಯ ತರಗತಿಯ ಬೀಜಗಣಿತವನ್ನು ಮುಗಿಸಿ ಹತ್ತನೆಯದಕ್ಕೆ ಕೈ ಹಾಕಿದ್ದಾಳೆ. ನೆರೆಮನೆಯ ಅಜ್ಜಿ, “ತಂಗಿ, ನೀನು ಎಷ್ಟನೆಯ ಇಯತ್ತೆ?” ಎಂದು ಕೇಳಿದರೆ ಉತ್ತರ ತೋಚದೆ ಆಯಿಯ ಮುಖ ನೋಡುತ್ತಾಳೆ. ತಂದೆಗೆ ಮಾತ್ರ ಲೆಕ್ಕ ಸ್ಪಷ್ಟ: ಹನ್ನೆರಡಕ್ಕೆ ಹತ್ತನೆಯ ತರಗತಿಯ ಪರೀಕ್ಷೆ, ಹದಿನಾಲ್ಕಕ್ಕೆ ಪಿ.ಯು.ಸಿ., ಹದಿನೇಳಕ್ಕೆ ಪದವಿ. ತಾಯಿಯದು ಒಂದೇ ಪ್ರಶ್ನೆ: “ಅಷ್ಟು ಬೇಗ ಹೋಗಿ ಅವಳು ಎಲ್ಲಿ ನಿಲ್ಲುತ್ತಾಳೆ?”

ತಂದೆಯ ಲೆಕ್ಕದಲ್ಲಿ ಒಂದು ಅಂಕಿ ಬಿಟ್ಟುಹೋಗಿದೆ. ಅದು ಮಗಳ ಜನ್ಮದಿನಾಂಕ.

ಮನೆಯಲ್ಲಿ ಓದಿದ ಮಕ್ಕಳಲ್ಲಿ ಹಲವರು ಹತ್ತನೆಯ ತರಗತಿಯ ಪ್ರಮಾಣಪತ್ರಕ್ಕಾಗಿ ಆಶ್ರಯಿಸುವುದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯನ್ನು. 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆ ಎಂದು ಆರಂಭವಾದ ಈ ಸಂಸ್ಥೆಯನ್ನು ಜನ ಇಂದು ‘ಎನ್.ಐ.ಓ.ಎಸ್.’ ಎಂದೇ ಗುರುತಿಸುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಮಗುವೂ, ಈ ವ್ಯಾಸಂಗಕ್ಕೆ ಬೇಕಾದಷ್ಟು ಕಲಿತಿದ್ದೇನೆ ಎಂಬ ಸ್ವಂತ ದೃಢೀಕರಣ ಪತ್ರ ಕೊಟ್ಟು ಇಲ್ಲಿ ಸೇರಬಹುದು. ಒಂದು ಭಾಷೆಯಾದರೂ ಇರುವಂತೆ ಐದು ವಿಷಯಗಳು ಸಾಕು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಉಂಟು. ವರ್ಷಕ್ಕೆ ಎರಡು ಬಾರಿ ಸಾರ್ವಜನಿಕ ಪರೀಕ್ಷೆ ನಡೆಯುತ್ತದೆ. ಐದು ವರ್ಷಗಳ ಅವಧಿಯಲ್ಲಿ ಒಂಬತ್ತು ಅವಕಾಶಗಳಿವೆ. ಇಂದು ಎರಡು, ಆರು ತಿಂಗಳ ಮೇಲೆ ಮತ್ತೆರಡು ಎಂದು ವಿಷಯಗಳನ್ನು ಬಿಡಿಬಿಡಿಯಾಗಿಯೂ ಮುಗಿಸಬಹುದು. ಬುದ್ಧಿವಂತ ಮಗುವಿಗೆ ಇದಕ್ಕಿಂತ ಅನುಕೂಲವಾದ ವ್ಯವಸ್ಥೆ ಇನ್ನೇನು ಬೇಕು?

ಆದರೆ ಇಲ್ಲಿಯೂ ಹತ್ತನೆಯ ಹಂತಕ್ಕೆ ಸೇರಲು 14 ವರ್ಷ ತುಂಬಿರಬೇಕು. ಹನ್ನೆರಡನೆಯ ಹಂತಕ್ಕೆ 15 ತುಂಬಿರಬೇಕು. ಅಷ್ಟೇ ಅಲ್ಲದೆ, ಹತ್ತನೆಯದನ್ನು ಮುಗಿಸಿದ್ದಕ್ಕೂ ಹನ್ನೆರಡನೆಯದರ ಪ್ರಮಾಣಪತ್ರ ಪಡೆಯುವುದಕ್ಕೂ ನಡುವೆ ಎರಡು ವರ್ಷಗಳ ಅಂತರವಿರಬೇಕು. ಹದಿನಾಲ್ಕು ತುಂಬಿದೊಡನೆ ಸೇರಿದ ಹುಡುಗಿ ಮುಂದಿನ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಅವಳಿಗೆ ಹದಿನೈದು ಸಮೀಪಿಸಿರುತ್ತದೆ. ಹನ್ನೆರಡನೆಯದು ಕೈಸೇರುವಾಗ ಹದಿನೇಳರ ಹತ್ತಿರ. ಆರು ತುಂಬಿ ಒಂದನೆಯ ತರಗತಿಗೆ ಸೇರಿದ ಸಾಮಾನ್ಯ ವಿದ್ಯಾರ್ಥಿ 16ಕ್ಕೆ ಎಸ್.ಎಸ್.ಎಲ್.ಸಿ.ಯನ್ನೂ 18ಕ್ಕೆ ಪಿ.ಯು.ಸಿ.ಯನ್ನೂ ಮುಗಿಸುತ್ತಾನೆ. ಹೀಗೆ ಎಷ್ಟು ಅವಸರಪಟ್ಟರೂ ಕಾಗದದ ಮೇಲೆ ಉಳಿಯುವುದು ಸುಮಾರು ಒಂದು ವರ್ಷ. ತಂದೆ ಕನಸು ಕಂಡ ನಾಲ್ಕು ವರ್ಷಗಳಲ್ಲ.

ವಿದೇಶೀ ಪರೀಕ್ಷೆಗಳಿಲ್ಲವೇ ಎಂದು ಕೆಲವರು ಕೇಳಬಹುದು. ಕೇಂಬ್ರಿಜ್ ಸಂಸ್ಥೆಯ ಪರೀಕ್ಷೆಗಳಿಗೆ ಆ ಸಂಸ್ಥೆ ವಯಸ್ಸಿನ ಮಿತಿಯನ್ನು ವಿಧಿಸಿಲ್ಲ. ಆದರೆ ಹೊರಗಿನ ಅಭ್ಯರ್ಥಿಗೆ ಪರೀಕ್ಷೆ ಬರೆಯಲು ಅವಕಾಶ ಕೊಡುವ ಶಾಲೆಯನ್ನು ಹುಡುಕಬೇಕು. ಶುಲ್ಕ ಮಧ್ಯಮ ವರ್ಗದ ಮನೆಗೆ ಹೊರೆಯಾಗುವಂಥದು. ಆ ಪತ್ರ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಸಲ್ಲಬೇಕಾದರೆ ಸಮಾನತೆಯ ಪ್ರಶ್ನೆಯೂ ಏಳುತ್ತದೆ.

ಆದ್ದರಿಂದ ‘ಎಷ್ಟು ಬೇಗ ಮುಗಿಸಬಹುದು?’ ಎಂಬ ಪ್ರಶ್ನೆಯಿಂದ ಹೊರಡುವುದು ತಪ್ಪು ದಾರಿ. ‘ಮುಂದೆ ಎಲ್ಲಿಗೆ ಹೋಗಬೇಕು?’ ಎಂಬುದನ್ನು ಮೊದಲು ಕೇಳಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬರಬೇಕು.

ಮಗಳು ವೈದ್ಯಳಾಗಬಯಸಿದರೆ, ಕಾಲೇಜು ಸೇರುವ ವರ್ಷದ ಡಿಸೆಂಬರ್ 31ಕ್ಕೆ ಅವಳಿಗೆ 17 ವರ್ಷ ತುಂಬುವಂತಿರಬೇಕು. ನೀಟ್ ಪರೀಕ್ಷೆಯ ಈ ನಿಯಮದ ಮುಂದೆ ಯಾವ ಪ್ರತಿಭೆಯೂ ನಡೆಯದು. ಎಂಜಿನಿಯರಿಂಗ್ ಕಡೆಗಾದರೆ ಜೆ.ಇ.ಇ. ಪರೀಕ್ಷೆಗೆ ಕನಿಷ್ಠ ವಯಸ್ಸಿನ ಕಟ್ಟಿಲ್ಲ; ಆದರೆ ಹನ್ನೆರಡನೆಯ ತರಗತಿಯ ಪತ್ರ ಇರಲೇಬೇಕು. ಆ ಪತ್ರಕ್ಕೆ ವಯಸ್ಸಿನ ಕಟ್ಟು ಇದ್ದೇ ಇದೆ.

ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಸರಕಾರೀ ಸೀಟನ್ನು ಅಪೇಕ್ಷಿಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬಹುಮಂದಿಗೆ ಅನ್ವಯಿಸುವ ಅರ್ಹತಾ ಕಂಡಿಕೆಯ ಪ್ರಕಾರ, ಒಂದನೆಯ ತರಗತಿಯಿಂದ ಪಿ.ಯು.ಸಿ.ವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ರಾಜ್ಯದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಓದಿರಬೇಕು. ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಸೀಟುಗಳ ಮೀಸಲಾತಿಯುಂಟು. ಎರಡಕ್ಕೂ ಒಂದರಿಂದ ಹತ್ತರವರೆಗಿನ ಶಾಲಾ ವ್ಯಾಸಂಗವೇ ಆಧಾರ. ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಹಳ್ಳಿಗಳಲ್ಲಿ ಕನ್ನಡ ಶಾಲೆಗೆ ಹೋಗುವ ಮಕ್ಕಳಿಗೆ ಇದು ಸಣ್ಣ ಆಸ್ತಿಯಲ್ಲ. ಅಡಿಗೆಮನೆಯ ಮಣೆಯ ಮೇಲೆ ಕುಳಿತು ಕಲಿತ ವರ್ಷಗಳು ಜ್ಞಾನದ ಲೆಕ್ಕಕ್ಕೆ ಬಂದಾವು. ಈ ಲೆಕ್ಕಕ್ಕೆ ಬರುವುದು ಕಷ್ಟ. ಅರ್ಹತೆಗೆ ಬೇರೆ ಕಂಡಿಕೆಗಳೂ ಇರುವುದರಿಂದ, ಮಗು ಆರರಲ್ಲಿರುವಾಗಲೇ ಅವನ್ನು ಓದಿಕೊಂಡವರು ಹದಿನೇಳರಲ್ಲಿ ಕಣ್ಣೀರು ಹಾಕಬೇಕಾಗುವುದಿಲ್ಲ.

ಶಾಲೆಗೆ ಮರಳುವ ದಾರಿಯೂ ತೆರೆದೇ ಇದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಾಯ್ತಂದೆಗಳ ಕರ್ತವ್ಯವೆಂದು ಅದು ಹೇಳುತ್ತದೆ. ಮನೆಯ ಶಿಕ್ಷಣದ ಹೆಸರೆತ್ತಿ ಒಪ್ಪುವ ಅಥವಾ ತಳ್ಳುವ ಕಲಮು ಅದರಲ್ಲಿಲ್ಲ. ಶಾಲೆಯ ಹೊರಗಿದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂಬುದು ಕಾಯಿದೆಯ ವಿಧಿ. ಗಮನಿಸಬೇಕಾದ ಮಾತು: ವಯಸ್ಸಿಗೆ ತಕ್ಕ ತರಗತಿ, ಬುದ್ಧಿಗೆ ತಕ್ಕದ್ದಲ್ಲ.

ಪ್ರತಿಭೆಯಿದ್ದರೆ ಪತ್ರವೇಕೆ ಎಂದು ವಾದಿಸುವವರು ಶಕುಂತಲಾ ದೇವಿಯವರನ್ನು ನೆನೆಯುತ್ತಾರೆ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಕ್ರಮಬದ್ಧ ಶಾಲಾ ಶಿಕ್ಷಣವಿಲ್ಲದೆಯೇ, 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ 28 ಸೆಕೆಂಡುಗಳಲ್ಲಿ ಗುಣಿಸಿ ಜಗತ್ತನ್ನು ಬೆರಗುಗೊಳಿಸಿದರು. ವೇದಿಕೆ ಪತ್ರವನ್ನು ಕೇಳಲಿಲ್ಲ, ನಿಜ. ಆದರೆ ಪ್ರಯೋಗಾಲಯ, ಆಸ್ಪತ್ರೆ, ನ್ಯಾಯಾಲಯಗಳು ಕೇಳುತ್ತವೆ. ಮುಂಬಯಿಯಲ್ಲಿ ಮನೆಯಲ್ಲಿಯೇ ಓದಿದ ಹುಡುಗಿಯೊಬ್ಬಳು ಅಂತರರಾಷ್ಟ್ರೀಯ ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡಿನಲ್ಲಿ ಎರಡು ಬೆಳ್ಳಿ, ಒಂದು ಕಂಚಿನ ಪದಕ ಗಳಿಸಿದ್ದಳು. ಹನ್ನೆರಡನೆಯ ತರಗತಿಯ ಪತ್ರವಿಲ್ಲದ್ದರಿಂದ ಐ.ಐ.ಟಿ. ಅವಳಿಗೆ ಮುಚ್ಚಿದ ಬಾಗಿಲಾಯಿತು. 2016ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆ ಅವಳನ್ನು ಸೇರಿಸಿಕೊಂಡಿತು. ಕಥೆ ಸುಖಾಂತವೇ. ಆದರೆ ಮೂರು ಪದಕಗಳನ್ನು ನಂಬಿ ಯೋಜನೆ ಹಾಕುವುದು ಲಾಟರಿ ಚೀಟಿಯನ್ನು ನಂಬಿ ಮನೆ ಕಟ್ಟಿದಂತೆ.

ಮತ್ತೊಂದು ಬದಿಯ ಉದಾಹರಣೆಯೂ ಇದೆ. ಬಿಹಾರದ ತಥಾಗತ ಅವತಾರ ತುಳಸಿ ಹತ್ತನೆಯ ವಯಸ್ಸಿನಲ್ಲಿ ಬಿ.ಎಸ್ಸಿ.ಯನ್ನೂ ಹನ್ನೆರಡರಲ್ಲಿ ಎಂ.ಎಸ್ಸಿ.ಯನ್ನೂ ಮುಗಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಅವರಿಗೆ ಡಾಕ್ಟರೇಟ್ ದೊರೆತದ್ದು 2009ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ. ಅದು ಸಾಮಾನ್ಯ ಸಾಧನೆಯಲ್ಲ. ಆದರೂ ಎಂ.ಎಸ್ಸಿ.ಗೂ ಡಾಕ್ಟರೇಟಿಗೂ ನಡುವಿನ ಒಂಬತ್ತು ವರ್ಷಗಳನ್ನು ನೋಡಬೇಕು. ಪರೀಕ್ಷೆಗಳ ಏಣಿಯನ್ನು ಓಡಿ ಹತ್ತಬಹುದು. ಹೊಸತನ್ನು ಕಂಡುಹಿಡಿಯುವ ಕೆಲಸ ತನ್ನ ಕಾಲವನ್ನು ತೆಗೆದುಕೊಂಡೇ ತೀರುತ್ತದೆ.

ಹಾಗಾದರೆ ಹನ್ನೊಂದರಿಂದ ಹದಿನಾಲ್ಕರವರೆಗಿನ ಮೂರು ವರ್ಷ ಸುಮ್ಮನೆ ಕಾಯಬೇಕೆ? ಕೂಡದು. ಮನೆಯಲ್ಲಿ ಓದಿದ ಮಗುವಿಗೆ ನಿಜವಾಗಿ ಉಳಿತಾಯವಾದದ್ದು ಈ ಮೂರು ವರ್ಷಗಳೇ. ಅವನ್ನು ಹನ್ನೊಂದನೆಯ ತರಗತಿಯ ಪುಸ್ತಕಕ್ಕೆ ಸುರಿದರೆ ಹದಿನಾಲ್ಕರಲ್ಲಿ ಮತ್ತೆ ಅದೇ ಕಾಯುವಿಕೆ. ಆಳಕ್ಕೆ ಇಳಿಸಿದರೆ ಅವು ಜೀವನಪೂರ್ತಿ ಉಳಿಯುತ್ತವೆ.

ಈ ಮೂರು ತಾಲೂಕುಗಳಲ್ಲಿ ಅಂಥ ಕಲಿಕೆಗೆ ಕೊರತೆಯಿಲ್ಲ. ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವ ಅಘನಾಶಿನಿ ದೊಡ್ಡ ಅಣೆಕಟ್ಟಿಲ್ಲದ ನದಿ. ಅದರ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿಗೆ ಲಿಂಗನಮಕ್ಕಿಯಲ್ಲಿಯೂ ಗೇರುಸೊಪ್ಪೆಯಲ್ಲಿಯೂ ಅಣೆಕಟ್ಟುಗಳಿವೆ. ವಿದ್ಯುತ್ತಿಗಾಗಿ ಬಿಟ್ಟ ಸಿಹಿನೀರು ಬೇಸಗೆಯಲ್ಲಿಯೂ ಅಳಿವೆಗೆ ಬರುತ್ತದೆ. ಒಂದು ನದಿಯ ನೀರಿನ ಉಪ್ಪು ಇನ್ನೊಂದರದಕ್ಕಿಂತ ಏಕೆ ಬೇರೆ, ಚಿಪ್ಪಿನ ಜೀವಿಗಳಿಗೆ ಅದರಿಂದ ಏನಾಗುತ್ತದೆ, ಅಘನಾಶಿನಿಯ ಗಜನಿಯಲ್ಲಿ ಕಗ್ಗ ಭತ್ತ ಉಪ್ಪುನೀರನ್ನು ಹೇಗೆ ತಡೆದುಕೊಳ್ಳುತ್ತದೆ—ವರ್ಷವಿಡೀ ತಿಂಗಳಿಗೊಮ್ಮೆ ಅಳೆದು ದಾಖಲೆಯಿಟ್ಟ ಹುಡುಗಿಗೆ ರಸಾಯನಶಾಸ್ತ್ರ, ಜೀವಶಾಸ್ತ್ರ, ಸಂಖ್ಯಾಶಾಸ್ತ್ರ ಮೂರೂ ಒಂದೇ ದೋಣಿಯಲ್ಲಿ ಸಿಗುತ್ತವೆ. ಭಾಷೆಯ ಒಲವಿದ್ದರೆ ಭಟ್ಕಳದ ಕೇತಪೈ ನಾರಾಯಣ ದೇವಾಲಯದ ಕಲ್ಲುಗಳೂ ಹಾಡುವಳ್ಳಿಯ ಬಸದಿಗಳೂ ಇವೆ. ಹಾಡುವಳ್ಳಿಯ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕನೇ 1604ರಲ್ಲಿ ಕನ್ನಡಕ್ಕೆ ‘ಕರ್ಣಾಟಕ ಶಬ್ದಾನುಶಾಸನ’ವೆಂಬ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದವನು. ಗಣಿತದಲ್ಲಿ ಮುಂದೆ ಹೋಗುವವಳಿಗೆ ಐ.ಐ.ಟಿ.ಗಳೂ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್.ಪಿ.ಟಿ.ಇ.ಎಲ್. ಉಪನ್ಯಾಸಗಳು ಮನೆಯಲ್ಲಿಯೇ ದೊರೆಯುತ್ತವೆ. ಕೇಳುವವರ ವಯಸ್ಸನ್ನು ಅಲ್ಲಿ ಯಾರೂ ವಿಚಾರಿಸುವುದಿಲ್ಲ.

ಪುಸ್ತಕದಷ್ಟೇ ಅಗತ್ಯವಾದದ್ದು ಜೊತೆ. ಬುದ್ಧಿಯಲ್ಲಿ ಹದಿನಾರಾದ ಮಗುವೂ ಜಗಳ, ರಾಜಿ, ಸೋಲು, ನಗುವಿನಲ್ಲಿ ಹನ್ನೊಂದೇ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಸ್ಥಾಪಿಸಿದ ಇಡಗುಂಜಿ ಮೇಳದ ಊರಿನಲ್ಲಿ, ಯಕ್ಷಗಾನದ ಹೆಜ್ಜೆ ಕಲಿಯುವ ಮಕ್ಕಳು ಒಬ್ಬರ ತಾಳಕ್ಕೆ ಇನ್ನೊಬ್ಬರು ಕಾಯಬೇಕಾಗುತ್ತದೆ. ಎಲ್ಲರಿಗಿಂತ ಮುಂದೆ ಓಡಿ ಅಭ್ಯಾಸವಾದ ಮಗುವಿಗೆ ಈ ಕಾಯುವಿಕೆ ದೊಡ್ಡ ಪಾಠ.

ಹೀಗೆ ಯೋಚಿಸಿದರೆ ಯೋಜನೆ ಸರಳವಾಗುತ್ತದೆ. ಹದಿಮೂರರೊಳಗೆ ಜನನ ಪ್ರಮಾಣಪತ್ರದಲ್ಲಿಯೂ ಆಧಾರ್ ಚೀಟಿಯಲ್ಲಿಯೂ ಹೆಸರಿನ ಕಾಗುಣಿತ ಒಂದೇ ಇರುವಂತೆ ಸರಿಪಡಿಸಿಕೊಳ್ಳಬೇಕು. ಓದಿದ್ದರ, ಮಾಡಿದ್ದರ ಲಿಖಿತ ದಾಖಲೆ ಇಡಬೇಕು. ಹದಿನಾಲ್ಕು ತುಂಬುವ ಮೊದಲೇ ಆ ವರ್ಷದ ವಿವರಣಪುಸ್ತಕವನ್ನು ತರಿಸಿ, ವಯಸ್ಸನ್ನು ಯಾವ ದಿನಾಂಕಕ್ಕೆ ಎಣಿಸುತ್ತಾರೆಂದು ನೋಡಬೇಕು. ಒಂದು ದಿನದ ಕೊರತೆ ಒಂದು ಪರೀಕ್ಷೆಯನ್ನೇ ತಪ್ಪಿಸೀತು. ವಿಜ್ಞಾನಕ್ಕೆ ಪ್ರಾಯೋಗಿಕ ಪರೀಕ್ಷೆಯಿರುವುದರಿಂದ ಉಪಕರಣಗಳನ್ನು ಮುಟ್ಟಿ ಕೆಲಸ ಮಾಡುವ ಏರ್ಪಾಡು ಬೇಕು. ಹತ್ತನೆಯದಾದ ಮೇಲೆ ಕುಮಟೆಯಲ್ಲೋ ಹೊನ್ನಾವರದಲ್ಲೋ ಭಟ್ಕಳದಲ್ಲೋ ಪಿ.ಯು. ಕಾಲೇಜು ಸೇರುವುದೂ ಒಳ್ಳೆಯ ನಡುದಾರಿ. ಹೇಗೂ ಕಳೆಯಲೇಬೇಕಾದ ಎರಡು ವರ್ಷಗಳಲ್ಲಿ ಪ್ರಯೋಗಾಲಯವೂ ಗೆಳತಿಯರೂ ದೊರೆಯುತ್ತಾರೆ. ಮುಕ್ತ ಶಾಲೆಯ ಪತ್ರದೊಡನೆ ಪ್ರವೇಶಕ್ಕೆ ಏನೇನು ಬೇಕೆಂಬುದನ್ನು ಮಾತ್ರ ಕಾಲೇಜಿನ ಕಚೇರಿಯಲ್ಲಿ ಒಂದು ವರ್ಷ ಮೊದಲೇ ವಿಚಾರಿಸಿಡಬೇಕು.

ಇಷ್ಟೆಲ್ಲ ಲೆಕ್ಕಾಚಾರದ ನಡುವೆ ಕೇಳಲು ಮರೆಯುವುದು ಮಗುವಿನ ಇಚ್ಛೆಯನ್ನು. ಬೇಗ ಮುಗಿಸುವ ಆಸೆ ಮಗುವಿನದೋ, ನೆಂಟರಿಷ್ಟರ ಮುಂದೆ ಹೇಳಿಕೊಳ್ಳಬೇಕಾದ ತಾಯ್ತಂದೆಗಳದೋ? ಪ್ರಾಮಾಣಿಕವಾದ ಉತ್ತರ ಬಂದಲ್ಲಿ ಅರ್ಧ ಅವಸರ ತಾನಾಗಿ ಇಳಿಯುತ್ತದೆ. ಪತ್ರವನ್ನು ಪಡೆಯಲು ನಿಯಮ ಒಪ್ಪಿದ ದಿನ ಸಾಕು. ಅದಕ್ಕೆ ಮುಂಚಿನ ದಿನಗಳು ಮಗುವಿಗೇ ಸೇರಿದವು.