ಐದನೆಯ ತರಗತಿಯ ಹಣ, ಹತ್ತನೆಯ ತರಗತಿಯ ಹಣ

ಯಡ್ರಾವ, ಶಿರೋಳ, ಇಚಲಕರಂಜಿಗಳ ಮನೆಗಳಿಗೆ ಷೇರು ಎಂಬ ಶಬ್ದ ಹೊಸದಲ್ಲ. ರತ್ನಪ್ಪಾ ಕುಂಭಾರರು ಕಟ್ಟಿ ಬೆಳೆಸಿದ ಪಂಚಗಂಗಾ ಸಕ್ಕರೆ ಕಾರಖಾನೆಯಂಥ ಸಹಕಾರಿ ಸಂಸ್ಥೆಗಳ ಷೇರುಪತ್ರಗಳು ಈ ಭಾಗದ ರೈತರ ಪೆಟ್ಟಿಗೆಗಳಲ್ಲಿ ಇಂದಿಗೂ ಭದ್ರವಾಗಿವೆ. ಸಹಕಾರಿ ಸಂಸ್ಥೆಯಲ್ಲಿ ಎಷ್ಟು ಷೇರುಗಳಿದ್ದರೂ ಸಭಾಸದನಿಗೆ ಮತ ಒಂದೇ. ಮಹಾರಾಷ್ಟ್ರದ ಸಹಕಾರಿ ಕಾಯಿದೆಯ ಪ್ರಕಾರ ಲಾಭಾಂಶವು ಶೇಕಡಾ 15ನ್ನು ಮೀರುವಂತಿಲ್ಲ. ಆ ಷೇರಿಗೆ ಪೇಟೆಯಲ್ಲಿ ದಿನದಿನದ ದರವೂ ಇಲ್ಲ. ಮುಂಬಯಿಯ ಷೇರುಪೇಟೆಯಲ್ಲಿ ಮಾರಾಟವಾಗುವ ಕಂಪನಿಯ ಷೇರು ಇದಕ್ಕೆ ಹೆಸರಿನಿಂದ ಮಾತ್ರ ಬಂಧು. ಅದರ ಏರಿಕೆಗೆ ಕಾಯಿದೆಯ ಮಿತಿಯಿಲ್ಲ; ಇಳಿಕೆಗೆ ಸೊನ್ನೆಯೇ ತಳ.

ಈಗ ಮಗ್ಗದ ಶೆಡ್ಡುಗಳಲ್ಲಿಯೂ ಮೊಬೈಲಿನ ಮೂಲಕ ಷೇರು ಕೊಳ್ಳುವವರಿದ್ದಾರೆ. ದೊಡ್ಡ ಕಂಪನಿಗಳು ಬೆಳೆದು ಮುಗಿದಿವೆ, ಮಧ್ಯಮ ಗಾತ್ರದ ಕಂಪನಿಗಳನ್ನು ಹಿಡಿದರೆ ಪೇಟೆಯನ್ನೇ ಮೀರಿಸಬಹುದು ಎಂಬ ಮಾತು ಅವರಲ್ಲಿ ಕೇಳಿಬರುತ್ತದೆ. ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಮಕ್ಕಳ ಶಿಕ್ಷಣಕ್ಕೆಂದು ಕೂಡಿಟ್ಟ ಹಣವನ್ನು ಅದರ ಮೇಲೆ ಹೂಡುವ ಮೊದಲು ಪಾಲಕರು ಕೆಲವು ಸಂಗತಿಗಳನ್ನು ತಿಳಿದಿರಬೇಕು.

ಮಧ್ಯಮ ಗಾತ್ರ ಎಂದರೇನೆಂಬುದನ್ನು ಸೆಬಿ 2017ರಲ್ಲಿ ನಿಗದಿಗೊಳಿಸಿತು. ಪೇಟೆಯಲ್ಲಿರುವ ಕಂಪನಿಗಳನ್ನು ಅವುಗಳ ಒಟ್ಟು ಷೇರುಮೌಲ್ಯದ ಕ್ರಮದಲ್ಲಿ ಇಟ್ಟಾಗ ಮೊದಲ 100 ದೊಡ್ಡವು, 101ರಿಂದ 250ರವರೆಗಿನವು ಮಧ್ಯಮ, ಉಳಿದವು ಸಣ್ಣವು. ಆರು ತಿಂಗಳಿಗೊಮ್ಮೆ ಪಟ್ಟಿ ಹೊಸದಾಗುತ್ತದೆ. ಮಧ್ಯಮ ಗಾತ್ರದ್ದೆಂದು ಕರೆಸಿಕೊಳ್ಳುವ ಮ್ಯೂಚುವಲ್ ಫಂಡ್ ತನ್ನ ಹಣದಲ್ಲಿ ಕನಿಷ್ಠ ಶೇಕಡಾ 65ನ್ನು ಈ 150 ಕಂಪನಿಗಳಲ್ಲಿಯೇ ತೊಡಗಿಸಬೇಕು.

ಇನ್ನು ಪೇಟೆಯನ್ನು ಮೀರಿಸುವುದು ಎಂದರೇನು? ಪೇಟೆ ಎಂಬುದು ಕೊಂಡವರೆಲ್ಲರ ಒಟ್ಟು ಫಲ. ಅದರ ಸರಾಸರಿಗಿಂತ ಒಬ್ಬನು ಹೆಚ್ಚು ಪಡೆದರೆ ಇನ್ನೊಬ್ಬನು ಕಡಿಮೆ ಪಡೆದಿರಲೇಬೇಕು. ದಲಾಲಿ, ತೆರಿಗೆ, ಫಂಡಿನ ಖರ್ಚುಗಳನ್ನು ಕಳೆದ ಮೇಲೆ ಎಲ್ಲರನ್ನೂ ಕೂಡಿಸಿ ನೋಡಿದರೆ ಸರಾಸರಿಗಿಂತ ಕೆಳಗೆ ಉಳಿಯುವ ಹಣವೇ ಹೆಚ್ಚು. ಆದುದರಿಂದ ಪೇಟೆಯನ್ನು ಮೀರಿಸಿದೆನೆಂದು ಹೇಳುವವನನ್ನು ಯಾವ ಅಳತೆಗೋಲಿನಿಂದ, ಎಷ್ಟು ವರ್ಷಗಳಲ್ಲಿ ಎಂದು ಕೇಳುವುದು ನ್ಯಾಯ. ಮಧ್ಯಮ ಕಂಪನಿಗಳ ಫಲವನ್ನು ಐವತ್ತು ದೊಡ್ಡ ಕಂಪನಿಗಳ ನಿಫ್ಟಿಯೊಂದಿಗೆ ಹೋಲಿಸಿ ಬೀಗುವುದು ಸುಲಭ. ನಿಜವಾದ ಹೋಲಿಕೆ ಮಧ್ಯಮ ಕಂಪನಿಗಳದೇ ಸೂಚ್ಯಂಕವಾದ ನಿಫ್ಟಿ ಮಿಡ್‌ಕ್ಯಾಪ್ 150ರೊಂದಿಗೆ ಆಗಬೇಕು.

ಮಧ್ಯಮ ಕಂಪನಿಗಳು ಹೆಚ್ಚು ಕೊಡಬಲ್ಲವು ಎಂಬ ನಂಬಿಕೆಗೆ ಕಾರಣಗಳುಂಟು. ಅವು ಆರಂಭದ ಕಷ್ಟಗಳನ್ನು ದಾಟಿರುತ್ತವೆ, ಬೆಳೆಯಲು ಇನ್ನೂ ಸ್ಥಳವಿರುತ್ತದೆ, ದೊಡ್ಡ ಹೂಡಿಕೆದಾರರ ಕಣ್ಣು ಅವುಗಳ ಮೇಲೆ ಪೂರ್ತಿ ಬಿದ್ದಿರುವುದಿಲ್ಲ. 2014ರಲ್ಲಿ ನಿಫ್ಟಿ ಸುಮಾರು ಶೇಕಡಾ 31 ಏರಿದಾಗ ಮಿಡ್‌ಕ್ಯಾಪ್ 100 ಸೂಚ್ಯಂಕ ಶೇಕಡಾ 55ರಷ್ಟು ಏರಿತು. ಆದರೆ 2018ರಲ್ಲಿ ನಿಫ್ಟಿ ಸುಮಾರು ಶೇಕಡಾ 3 ಮೇಲೇರಿದ್ದರೂ ಅದೇ ಮಿಡ್‌ಕ್ಯಾಪ್ ಸೂಚ್ಯಂಕ ಶೇಕಡಾ 15ರಷ್ಟು ಕುಸಿಯಿತು.

2008ರ ಪಾಠ ಇನ್ನೂ ಕಠಿಣ. ಆ ವರ್ಷ ಸೆನ್ಸೆಕ್ಸ್ ಸುಮಾರು ಶೇಕಡಾ 52 ಇಳಿದರೆ ಮುಂಬಯಿ ಪೇಟೆಯ ಮಿಡ್‌ಕ್ಯಾಪ್ ಸೂಚ್ಯಂಕ ಶೇಕಡಾ 67ರಷ್ಟು ಇಳಿಯಿತು. ಏಳನೆಯ ತರಗತಿಯ ವಿದ್ಯಾರ್ಥಿ ಈ ಲೆಕ್ಕವನ್ನು ಪಾಟಿಯ ಮೇಲೆ ಬಿಡಿಸಿ ತೋರಿಸಬಲ್ಲನು. 10,000 ರೂಪಾಯಿ 3,300 ಆಯಿತು. ಮರಳಿ 10,000 ಆಗಬೇಕಾದರೆ ಶೇಕಡಾ 67 ಏರಿದರೆ ಸಾಲದು, ಶೇಕಡಾ 200ಕ್ಕೂ ಮಿಕ್ಕಿ ಏರಬೇಕು. ಆ ಸೂಚ್ಯಂಕ 2008ರ ಜನವರಿಯ ತನ್ನ ಎತ್ತರವನ್ನು ಮತ್ತೆ ಮುಟ್ಟಿದ್ದು 2014ರಲ್ಲಿ. ಆ ಜನವರಿಯಲ್ಲಿ ಐದನೆಯ ತರಗತಿಯಲ್ಲಿದ್ದ ಮಗುವಿನ ಹೆಸರಿನಲ್ಲಿ ಒಂದೇ ಗಂಟಾಗಿ ಹಣ ಹೂಡಿದ್ದ ಮನೆಗೆ, ಮಗು ಹನ್ನೆರಡನೆಯ ತರಗತಿಗೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ಅಸಲು ಮಾತ್ರ ಕೈಗೆ ಬಂದಿತು. ಅದೇ ಅವಧಿಯಲ್ಲಿ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹೂಡುತ್ತ ಹೋದವರು ಕೆಳದರದಲ್ಲಿಯೂ ಕೊಂಡಿದ್ದರಿಂದ ಲಾಭವನ್ನೇ ಕಂಡರು. ಹತ್ತನೆಯ ತರಗತಿಯ ಮಗುವಿನ ಶುಲ್ಕದ ಹಣ ಅಲ್ಲಿದ್ದ ಮನೆಗೆ ಮಾತ್ರ ಕಾಯುವ ಅವಕಾಶವೇ ಇರಲಿಲ್ಲ. ಅದು ತಳದ ದರದಲ್ಲಿ ಮಾರಬೇಕಾಗಿತ್ತು.

ದೀರ್ಘಕಾಲ ಕಾದು ಧನಿಕರಾದವರ ಕಥೆಗಳು ಮಹಾರಾಷ್ಟ್ರದಲ್ಲಿಯೇ ಇವೆ. ಜಳಗಾಂವ ಜಿಲ್ಲೆಯ ಅಮಳನೇರದಲ್ಲಿ 1945ರಲ್ಲಿ ಎಣ್ಣೆ ತಯಾರಿಸುವ ಸಣ್ಣ ಕಂಪನಿಯಾಗಿ ಆರಂಭಗೊಂಡ ವಿಪ್ರೊ ಮುಂದೆ ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯಾಯಿತು. ಅದರ ಷೇರುಗಳನ್ನು ಮಾರದೆ ಉಳಿಸಿಕೊಂಡ ಅಮಳನೇರದ ಕುಟುಂಬಗಳು ತಲೆಮಾರುಗಳ ಕಾಲ ಅದರ ಫಲವನ್ನುಂಡವು. ಇದು ತಾಳ್ಮೆಯ ಕಥೆಯೂ ಹೌದು, ಅದೃಷ್ಟದ ಕಥೆಯೂ ಹೌದು. ಅದೇ ಕಾಲದಲ್ಲಿ ಹುಟ್ಟಿ ಮುಚ್ಚಿಹೋದ ಕಂಪನಿಗಳ ಷೇರನ್ನು ಅಷ್ಟೇ ತಾಳ್ಮೆಯಿಂದ ಹಿಡಿದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಮನೆಸಾಲ ಕೊಡುತ್ತಿದ್ದ ಡಿಎಚ್‌ಎಫ್‌ಎಲ್ ಕಂಪನಿಯ ಷೇರು 2018ರ ಸೆಪ್ಟೆಂಬರ್ 21ರಂದು ಒಂದೇ ದಿನದಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಬಿದ್ದಿತು. 2021ರಲ್ಲಿ ಕಂಪನಿ ಬೇರೆಯವರ ಕೈಸೇರಿದಾಗ ಹಳೆಯ ಷೇರುದಾರರಿಗೆ ಏನೂ ಸಿಗಲಿಲ್ಲ. ಅಲ್ಲಿ ತಾಳ್ಮೆ ಕಾಪಾಡಲಿಲ್ಲ.

ಯಡ್ರಾವದಂಥ ಊರಿಗೆ ಇನ್ನೊಂದು ವಿಶೇಷ ಎಚ್ಚರ ಬೇಕು. ಇಲ್ಲಿ ನೂಲು, ಮಗ್ಗ, ಬಟ್ಟೆಗಳೇ ಅನ್ನ ಕೊಡುತ್ತವೆ. ಇಚಲಕರಂಜಿಯಲ್ಲಿ 1904ರಲ್ಲಿ ಮೊದಲ ವಿದ್ಯುತ್ ಮಗ್ಗ ನಡೆದಂದಿನಿಂದ ಸುತ್ತಲಿನ ಊರುಗಳ ಹಣೆಬರಹ ಬಟ್ಟೆಯ ಪೇಟೆಗೆ ಹೆಣೆದುಕೊಂಡಿದೆ. ತಿಳಿದ ವ್ಯವಹಾರದಲ್ಲಿ ಹಣ ಹೂಡುವುದು ಜಾಣತನವೆಂದು ಬಟ್ಟೆಯ ಕಂಪನಿಗಳ ಷೇರನ್ನೇ ಆರಿಸುವವರುಂಟು. ಆದರೆ ಬಟ್ಟೆಯ ಗುಣ ತಿಳಿದವನಿಗೆ ಷೇರಿನ ಯೋಗ್ಯ ದರ ತಿಳಿದಿರುತ್ತದೆಂದು ಹೇಳಲಾಗದು. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕುಗಳ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿತು. ಇಂಥ ಪೆಟ್ಟು ಬಿದ್ದಾಗ ರಫ್ತಿನ ಕಂಪನಿಯ ಷೇರೂ ಇಳಿಯುತ್ತದೆ, ಊರಿನ ಮಗ್ಗಗಳ ಪಾಳಿಯೂ ಕಡಿಮೆಯಾಗುತ್ತದೆ. ವಾರದ ಪಗಾರ ಕುಗ್ಗಿದ ವೇಳೆಯಲ್ಲಿಯೇ ಉಳಿತಾಯವೂ ಕುಗ್ಗಿದರೆ ಮನೆಗೆ ಆಸರೆ ಯಾವುದು? ಮಗ್ಗದ ಮನೆಯ ಉಳಿತಾಯ ಮಗ್ಗದ ಹೊರಗೆ ಹರಡಿರುವುದು ಕ್ಷೇಮ.

ಸೂಚ್ಯಂಕ ಫಂಡಿನ ಉಪಯೋಗ ಇಲ್ಲಿ ತೋರುತ್ತದೆ. ಮಿಡ್‌ಕ್ಯಾಪ್ 150ನ್ನು ಅನುಸರಿಸುವ ಫಂಡಿನಲ್ಲಿ ಸಣ್ಣ ಕಂತು ಕಟ್ಟಿದರೂ ಔಷಧ, ಯಂತ್ರ, ಬ್ಯಾಂಕು, ಹೋಟೆಲು ಮೊದಲಾದ ಅನೇಕ ಉದ್ಯಮಗಳ ಪಾಲು ದೊರೆಯುತ್ತದೆ. ಸೊರಗಿದ ಕಂಪನಿ ಪಟ್ಟಿಯಿಂದ ತಾನೇ ಕೆಳಗಿಳಿಯುತ್ತದೆ, ಬೆಳೆದದ್ದು ಮೇಲಿನ ಪಟ್ಟಿಗೆ ಹೋಗುತ್ತದೆ. ಇದು ತನ್ನ ಸೂಚ್ಯಂಕವನ್ನು ಮೀರಿಸುವುದಿಲ್ಲ. ಖರ್ಚನ್ನು ಕಳೆದು ಅದರ ಹತ್ತಿರವೇ ಇರುತ್ತದೆ. ಆರಿಸಿ ಕೊಳ್ಳುವ ಮಧ್ಯಮ ಫಂಡನ್ನು ಇಷ್ಟಪಡುವವರಿಗೂ ಒಂದು ಸಾಧನವಿದೆ. ತಮ್ಮಲ್ಲಿರುವ ಷೇರುಗಳ ಅರ್ಧವನ್ನು ಮಾರಲು ಎಷ್ಟು ದಿನ ಬೇಕಾಗುತ್ತದೆ ಎಂಬುದನ್ನು ಈ ಫಂಡುಗಳು 2024ರಿಂದ ಪ್ರಕಟಿಸುತ್ತಿವೆ. ಮಧ್ಯಮ ಕಂಪನಿಯ ಷೇರು ಕೊಳ್ಳುವಾಗ ಸುಲಭವಾಗಿ ಸಿಗುತ್ತದೆ. ಎಲ್ಲರೂ ಒಮ್ಮೆಲೇ ಮಾರಲು ನಿಂತಾಗ ಕೊಳ್ಳುವವರು ವಿರಳ. ಆ ದಿನಗಳ ಸಂಖ್ಯೆ ಇದನ್ನು ಮೊದಲೇ ಹೇಳುತ್ತದೆ.

ಕೊನೆಗೆ ಉಳಿಯುವುದು ಮನೆಯ ಲೆಕ್ಕ. ಹಣ ಯಾವ ವರ್ಷ ಬೇಕು ಎಂಬುದನ್ನು ಮೊದಲು ಬರೆಯಬೇಕು, ಎಲ್ಲಿ ಇಡುವುದು ಎಂಬುದನ್ನು ಆಮೇಲೆ. ಆರು ತಿಂಗಳ ಸಂಸಾರದ ಖರ್ಚು ಮತ್ತು ಮೂರು ವರ್ಷದೊಳಗೆ ಕಟ್ಟಬೇಕಾದ ಕಾಲೇಜಿನ ಶುಲ್ಕ ಬ್ಯಾಂಕಿನಲ್ಲಿಯೋ ಅಂಚೆಕಚೇರಿಯಲ್ಲಿಯೋ ಇರಲಿ. ಸಾಲ ಮಾಡಿ ಷೇರು ಕೊಳ್ಳುವುದು ಸರ್ವಥಾ ಸಲ್ಲದು. ಎಂಟು, ಹತ್ತು ವರ್ಷ ಮುಟ್ಟದೆ ಇರಬಲ್ಲ ಹಣದ ಒಂದು ಭಾಗ ಮಾತ್ರ ತಿಂಗಳ ಕಂತಾಗಿ ಮಧ್ಯಮ ಕಂಪನಿಗಳತ್ತ ಹೋಗಬಹುದು. ಮಗು ಒಂಬತ್ತನೆಯ ತರಗತಿ ದಾಟಿದಂತೆ ಅದನ್ನೂ ಸ್ವಲ್ಪಸ್ವಲ್ಪವಾಗಿ ಬ್ಯಾಂಕಿಗೆ ತರಬೇಕು, ಆ ವರ್ಷ ಪೇಟೆ ಎಷ್ಟೇ ಏರುತ್ತಿರಲಿ. ನೆರೆಯವನಿಗಿಂತ ನಾಲ್ಕು ರೂಪಾಯಿ ಕಡಿಮೆ ಗಳಿಸಿದರೆ ಮನೆಗೆ ದೊಡ್ಡ ಹಾನಿಯಿಲ್ಲ. ಪ್ರವೇಶದ ದಿನ ಶುಲ್ಕ ಕೈಯಲ್ಲಿಲ್ಲದಿದ್ದರೆ ಮಗುವಿನ ಒಂದು ವರ್ಷವೇ ಹೋಗುತ್ತದೆ.