ಪಾರ್ಕಿನ ಹೆಸರಲ್ಲಿ ಬೇಲಿ

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಊರೂರಲ್ಲಿ ಸಾಲುಸಾಲು ಹೊಸ ಮನೆಗಳೆದ್ದವು. ಸರ್ಕಾರವೇ ಸಾಲಕ್ಕೆ ಜಾಮೀನು ನಿಂತಿತು. ಆದರೆ ಅದೇ ಯುದ್ಧದಲ್ಲಿ ಹೋರಾಡಿ ಬಂದ ಕಪ್ಪು ಸೈನಿಕನಿಗೆ ಆ ಬಾಗಿಲುಗಳು ಬಹುಪಾಲು ಮುಚ್ಚಿಯೇ ಇದ್ದವು.

1959ರಲ್ಲಿ ಶಿಕಾಗೊ ಪಕ್ಕದ ಡೀರ್‌ಫೀಲ್ಡ್ ಎಂಬ ಸಣ್ಣ ಊರಲ್ಲಿ ಒಂದು ಕಂಪನಿ 51 ಮನೆ ಕಟ್ಟಲು ಹೊರಟಿತು. ಅದರಲ್ಲಿ ಹತ್ತು ಹನ್ನೆರಡು ಕಪ್ಪು ಜನಕ್ಕೆ ಅಂತ ಸುದ್ದಿ ಹಬ್ಬಿದ್ದೇ ತಡ, ಊರಿಗೆ ಇದ್ದಕ್ಕಿದ್ದಂತೆ ಪಾರ್ಕಿನ ಆಸೆ ಹುಟ್ಟಿತು! ಆ ಡಿಸೆಂಬರಿನಲ್ಲಿ ಓಟು ನಡೆಯಿತು. ಪಾರ್ಕ್ ಗೆದ್ದಿತು. ಊರ ದುಡ್ಡಲ್ಲೇ ಜಾಗ ಕಿತ್ತುಕೊಂಡರು. ಕೋರ್ಟಿಗೆ ಹೋದರೂ ಆ ಮನೆಗಳು ಏಳಲಿಲ್ಲ.

ನಮ್ಮ ಪುರಸಭೆಗಳ ಮಾತೂ ಇಷ್ಟೇ ನಯ. ಉದ್ಯಾನ, ಬೀದಿದೀಪ, ರಸ್ತೆ ಅಗಲೀಕರಣ. ಯಾವುದೂ ಕೆಟ್ಟದ್ದಲ್ಲ. ಆದರೆ ನಾವು ಕೇಳೋದಿಷ್ಟೆ: ದೀಪದ ಕಂಬ ಕೇರಿಯ ತಿರುವಿನ ತನಕ ಯಾಕೆ ಬರಲ್ಲ? ಲಾರಿ ಓಡುವ ರಸ್ತೆಗೆ ನಮ್ಮ ಮಕ್ಕಳು ಶಾಲೆಗೆ ದಾಟೋ ಕಡೆ ಉಬ್ಬು ಯಾಕಿಲ್ಲ? ರಸ್ತೆ ಅಗಲವಾದಾಗ ಮೊದಲು ಹೋಗೋದು ಯಾರ ಗುಡಿಸಲು? ಜಾತಿ ಬಾಯಲ್ಲಿರಲ್ಲ, ಲೆಕ್ಕದಲ್ಲಿರುತ್ತೆ.

ಕರ್ನಾಟಕದ ಪುರಸಭೆಗಳು ತಮ್ಮ ನಿಧಿಯಲ್ಲಿ ಶೇ. 24.10ರಷ್ಟನ್ನು ಪರಿಶಿಷ್ಟರಿಗಾಗಿ ತೆಗೆದಿಡಬೇಕೆಂಬ ನಿಯಮವಿದೆ. ಅದು ಭಿಕ್ಷೆಯಲ್ಲ, ಪಾಲು. ಹಾಸ್ಟೆಲಿನ ಗೆಳೆಯರೆ, ರಜೆಗೆ ಊರಿಗೆ ಹೋದಾಗ ಪುರಸಭೆಗೂ ಹೋಗಿ. ಬಜೆಟ್ ಪುಸ್ತಕ ಕೇಳಿ. ಕೊಡದಿದ್ರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿ. ಅಪ್ಪ ಅವ್ವ ಓದಲಾರದ ಆ ಪುಸ್ತಕವನ್ನು ನಾವೂ ಓದದೆ ಬಿಟ್ಟರೆ ನಮ್ಮ ಓದು ಯಾತಕ್ಕೆ ಬಂತು?