ಪ್ರವಾಸಿಗರ ಮುಂಗಡ ರಿಯಾಯಿತಿ ಕಾರ್ಡು: ಯಾತ್ರಿಕನಿಗೆ ಬೇಕೆ, ವರ್ತಕನಿಗೆ ದಕ್ಕೀತೆ?

ಪ್ರವಾಸಿಗನು ಮುಂಗಡವಾಗಿ ಹಣ ಕೊಟ್ಟು ಒಂದು ಕಾರ್ಡನ್ನು ಕೊಳ್ಳುವುದು, ಅದನ್ನು ತೋರಿಸಿದಲ್ಲೆಲ್ಲ ವಸತಿಗೃಹ, ಹೋಟೆಲು, ಅಂಗಡಿ, ಬಾಡಿಗೆ ವಾಹನಗಳಲ್ಲಿ ನಿಗದಿತ ರಿಯಾಯಿತಿ ಪಡೆಯುವುದು: ಯೋಜನೆಯ ಸ್ಥೂಲ ರೂಪ ಇಷ್ಟೇ. ವಿದೇಶಗಳ ದೊಡ್ಡ ನಗರಗಳಲ್ಲಿ ಇದು ಹಳೆಯ ವ್ಯವಹಾರ. ಕುಕ್ಕೆ ಸುಬ್ರಹ್ಮಣ್ಯಕ್ಕೆ ವರ್ಷವಿಡೀ ಹರಿದು ಬರುವ ಜನಸ್ತೋಮವನ್ನು ಕಂಡ ಕಡಬ, ಸುಳ್ಯ, ಪುತ್ತೂರು ತಾಲೂಕುಗಳ ವರ್ತಕರಿಗೆ ಇಂಥದೊಂದು ಕಾರ್ಡು ಆಕರ್ಷಕವಾಗಿ ತೋರುವುದು ಸಹಜ. ರಾಜ್ಯದ ಮುಜರಾಯಿ ದೇವಾಲಯಗಳಲ್ಲಿ ಆದಾಯದ ದೃಷ್ಟಿಯಿಂದ ಅಗ್ರಸ್ಥಾನದಲ್ಲಿರುವ ಕುಕ್ಕೆಯ ವಾರ್ಷಿಕ ಆದಾಯ 2023-24ರಲ್ಲಿ ಸುಮಾರು 146 ಕೋಟಿ ರೂಪಾಯಿ. ಈ ಪ್ರವಾಹದ ಒಂದು ಸಣ್ಣ ಕಾಲುವೆಯನ್ನಾದರೂ ಪೇಟೆಯ ಕಡೆಗೆ ತಿರುಗಿಸಿಕೊಳ್ಳಬಾರದೇಕೆ ಎಂಬ ಪ್ರಶ್ನೆ ತಪ್ಪಲ್ಲ. ಆದರೆ ಕಾಲುವೆ ತೋಡುವ ಮೊದಲು ನೀರು ಯಾವ ಕಡೆಗೆ ಹರಿಯುತ್ತಿದೆ ಎಂಬುದನ್ನು ನೋಡಬೇಕಾಗುತ್ತದೆ.

ಆಮ್‌ಸ್ಟರ್‌ಡ್ಯಾಮ್, ಲಂಡನ್, ಪ್ಯಾರಿಸ್‌ಗಳ ಕಾರ್ಡುಗಳು ಏಕೆ ಮಾರಾಟವಾಗುತ್ತವೆ? ಅಲ್ಲಿನ ಅನೇಕ ವಸ್ತುಸಂಗ್ರಹಾಲಯಗಳಿಗೂ, ಅರಮನೆಗಳಿಗೂ ದುಬಾರಿ ಪ್ರವೇಶಶುಲ್ಕವಿದೆ. ಮೂರು ನಾಲ್ಕು ಕಡೆ ಹೋಗುವವನಿಗೆ ಕಾರ್ಡಿನ ಬೆಲೆ ಮರಳಿ ಬರುತ್ತದೆ. ಕೆಲವು ಕಾರ್ಡುಗಳಲ್ಲಿ ನಗರ ಸಾರಿಗೆಯೂ ಸೇರಿರುತ್ತದೆ. ಅಂದರೆ ಕಾರ್ಡಿನ ಜೀವಾಳವಿರುವುದು ಅಂಗಡಿಯ ಶೇಕಡಾ ಹತ್ತರ ರಿಯಾಯಿತಿಯಲ್ಲಲ್ಲ. ಪ್ರವೇಶ ಮತ್ತು ಪ್ರಯಾಣದಲ್ಲಿ. ಕುಕ್ಕೆಯಲ್ಲಿ ಈ ಎರಡರ ಸ್ಥಿತಿ ಏನು? ದೇವರ ದರ್ಶನಕ್ಕೆ ಶುಲ್ಕವಿಲ್ಲ. ಮಧ್ಯಾಹ್ನದ ಊಟ ದೇವಾಲಯದ ಅನ್ನಪ್ರಸಾದ. ಇನ್ನು ಪ್ರಯಾಣ: 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಕರ್ನಾಟಕದ ಮಹಿಳೆಯರಿಗೆ ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಬೆಲೆ ಶೂನ್ಯ. ಧರ್ಮಸ್ಥಳ, ಕುಕ್ಕೆಗಳ ಬಸ್ಸುಗಳು ಕಿಕ್ಕಿರಿದದ್ದನ್ನು ಎಲ್ಲರೂ ಕಂಡಿದ್ದಾರೆ. ದರ್ಶನ, ಊಟ, ಬಸ್ಸು ಈ ಮೂರೂ ಉಚಿತವಾಗಿರುವಲ್ಲಿ ಕಾರ್ಡು ಮಾರುವವನು ಇನ್ನೇನನ್ನು ಅಗ್ಗ ಮಾಡಿಕೊಡಬಲ್ಲ? ಉಳಿಯುವುದು ಕೋಣೆಯ ಬಾಡಿಗೆ, ಬೆಳಗಿನ ತಿಂಡಿ, ರಿಕ್ಷಾ ಮತ್ತು ಊರಿಗೆ ಒಯ್ಯುವ ಸಾಮಾನು.

ಕರ್ನಾಟಕದಲ್ಲೇ ಇರುವ ಉದಾಹರಣೆಯೊಂದನ್ನು ಪರಿಶೀಲಿಸಬಹುದು. ಮೈಸೂರು ದಸರಾದ ಗೋಲ್ಡ್ ಕಾರ್ಡಿಗೆ 2024ರಲ್ಲಿ 6,500 ರೂಪಾಯಿ ಬೆಲೆ ಇತ್ತು, ಆದರೂ ಕೊಳ್ಳುವವರಿದ್ದರು. ಕೊಂಡವರು ರಿಯಾಯಿತಿಗಾಗಿ ಕೊಂಡವರಲ್ಲ. ಜಂಬೂ ಸವಾರಿಯನ್ನು ನೂಕುನುಗ್ಗಲಿಲ್ಲದೆ ಕುಳಿತು ನೋಡುವ ಒಂದು ಆಸನಕ್ಕಾಗಿ ಕೊಂಡವರು. ಪ್ರವಾಸಿಗ ಮುಂಗಡ ಹಣ ಕೊಡುವುದು ಸಮಯಕ್ಕೆ, ಸೌಕರ್ಯಕ್ಕೆ, ಖಚಿತತೆಗೆ. ಕುಕ್ಕೆಯಲ್ಲಿ ಆ ಖಚಿತತೆ, ಅಂದರೆ ಸರದಿ, ಸೇವೆಯ ದಿನಾಂಕ, ಸರ್ಪಸಂಸ್ಕಾರದ ಬುಕಿಂಗ್ ಎಲ್ಲವೂ ದೇವಾಲಯದ ಆಡಳಿತದ ಕೈಯಲ್ಲಿವೆ. ಅವು ವರ್ತಕರು ಮಾರುವ ಸರಕಲ್ಲ, ಆಗಲೂಬಾರದು. ಬೆಂಗಳೂರಿನ ಮೆಟ್ರೋ ಸ್ಮಾರ್ಟ್ ಕಾರ್ಡಿಗೆ ಶೇ. 5ರ ರಿಯಾಯಿತಿ ಇದೆಯೆಂಬ ವಾದವೂ ಇಲ್ಲಿ ಸಲ್ಲದು. ದಿನಕ್ಕೆರಡು ಬಾರಿ ಅದೇ ಗೇಟು ದಾಟುವವನಿಗೂ ವರ್ಷಕ್ಕೊಮ್ಮೆ ಹರಕೆ ತೀರಿಸಲು ಬರುವವನಿಗೂ ಮುಂಗಡ ಹಣದ ಅರ್ಥವೇ ಬೇರೆ.

ಯಾತ್ರಿಕನ ಕಡೆಯ ಲೆಕ್ಕ ಹೀಗೆ. ಕಾರ್ಡಿನ ಬೆಲೆ 300 ರೂಪಾಯಿ, ರಿಯಾಯಿತಿ ಶೇ. 10 ಎಂದು ಭಾವಿಸಿದರೆ, ಕೊಟ್ಟ ಹಣ ಮರಳಿ ಬರಬೇಕಾದರೆ ಆತ ಕಾರ್ಡು ಸ್ವೀಕರಿಸುವ ಅಂಗಡಿಗಳಲ್ಲಿಯೇ 3,000 ರೂಪಾಯಿ ಖರ್ಚು ಮಾಡಬೇಕು. ನಾಲ್ಕು ಜನರ ಕುಟುಂಬವೊಂದು ರಾತ್ರಿ ಬಸ್ಸಿನಲ್ಲಿ ಹೊರಟು ಮುಂಜಾನೆ ಇಳಿದು, ಕುಮಾರಧಾರೆಯಲ್ಲಿ ಮಿಂದು, ದರ್ಶನ ಮುಗಿಸಿ ಮಧ್ಯಾಹ್ನ ಧರ್ಮಸ್ಥಳದ ದಾರಿ ಹಿಡಿಯುತ್ತದೆ. ಕೋಣೆಗೆ 1,200, ಎರಡು ಹೊತ್ತಿನ ತಿಂಡಿಗೆ 700, ಸಾಮಾನು ಸರಂಜಾಮಿಗೆ 600 ಎಂದರೂ 2,500 ದಾಟುವುದಿಲ್ಲ. ಸಿಗುವ ರಿಯಾಯಿತಿ 250. ಐವತ್ತು ರೂಪಾಯಿ ನಷ್ಟ, ಜೊತೆಗೆ ಪ್ರತಿ ಅಂಗಡಿಯಲ್ಲೂ ಕಾರ್ಡು ನಡೆಯುತ್ತದೆಯೇ ಎಂದು ಕೇಳುವ ಮುಜುಗರ. ಎರಡು ದಿನದ ಸೇವೆಗೆ ಬಂದು ಉಳಿಯುವವರಿಗೆ ಮಾತ್ರ ಈ ಲೆಕ್ಕ ಸ್ವಲ್ಪ ಗಿಟ್ಟೀತು.

ವರ್ತಕನ ಕಡೆಯ ಲೆಕ್ಕ ಇನ್ನೂ ಕಠಿಣವಾದುದು. ಬಹಳಷ್ಟು ಮಂದಿ ಇದನ್ನು ಕಾಗದದ ಮೇಲೆ ಹಾಕಿ ನೋಡುವುದಿಲ್ಲ. ನೂರು ರೂಪಾಯಿಯ ಮಾರಾಟದಲ್ಲಿ 25 ರೂಪಾಯಿ ಒಟ್ಟು ಲಾಭ ಉಳಿಯುವ ಅಂಗಡಿ ಶೇ. 10 ಬಿಟ್ಟುಕೊಟ್ಟರೆ ಉಳಿಯುವುದು 15. ಮೊದಲಿನಷ್ಟೇ ಲಾಭ ಬರಲು ಮಾಲು ಶೇ. 67ರಷ್ಟು ಹೆಚ್ಚು ಖರ್ಚಾಗಬೇಕು. ಲಾಭಾಂಶ ಶೇ. 15 ಮಾತ್ರ ಇರುವ ದಿನಸಿ ಅಥವಾ ಪ್ಯಾಕೆಟ್ ಸಾಮಾನಿನ ವ್ಯಾಪಾರಿಗೆ ವ್ಯಾಪಾರ ಮೂರು ಪಟ್ಟಾದರೆ ಮಾತ್ರ ಸರಿದೂಗುತ್ತದೆ. ಶೇ. 40 ಲಾಭವಿರುವ ಕರಕುಶಲ ವಸ್ತು, ಮನೆಯಲ್ಲಿ ತಯಾರಾದ ಹಪ್ಪಳ, ಉಪ್ಪಿನಕಾಯಿಗಳವರಿಗೆ ಮೂರನೆಯ ಒಂದು ಪಾಲು ಹೆಚ್ಚುವರಿ ಮಾರಾಟ ಸಾಕು. ಆದ್ದರಿಂದ ಎಲ್ಲ ಸದಸ್ಯರಿಗೂ ಒಂದೇ ದರದ ರಿಯಾಯಿತಿಯನ್ನು ವಿಧಿಸುವ ಕಾರ್ಡು ಆರಂಭದಲ್ಲೇ ಅನ್ಯಾಯದ್ದು. ವಸತಿಗೃಹದ ಮಾತು ಬೇರೆ. ಸಾವಿರ ರೂಪಾಯಿಯ ಕೋಣೆಗೆ ಬಟ್ಟೆ ಒಗೆತ, ವಿದ್ಯುತ್ತು, ಶುಚಿತ್ವಕ್ಕೆ 200 ತಗಲುತ್ತದೆಂದರೆ, ಖಾಲಿ ಬೀಳಲಿದ್ದ ಕೋಣೆಯನ್ನು 800ಕ್ಕೆ ಕೊಟ್ಟರೂ 600 ಕೈಗೆ ಹತ್ತುತ್ತದೆ. ಆದರೆ ಅದೇ ರಿಯಾಯಿತಿಯನ್ನು ಚಂಪಾಷಷ್ಠಿಯ ದಿನವೂ ಕೊಡಬೇಕೆಂದರೆ ಅದು ವ್ಯಾಪಾರವಲ್ಲ, ದಾನ.

ಇಲ್ಲೊಂದು ಉಪಕಥೆಯನ್ನು ಹೇಳದೆ ಮುಂದೆ ಸಾಗುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಚಾಕೊಲೇಟಿನ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ. 18ರಿಂದ 5ಕ್ಕೆ ಇಳಿಯಿತು. 118 ರೂಪಾಯಿಯದು 105ಕ್ಕೆ ಬಂದರೆ ಸುಮಾರು ಶೇ. 11ರ ಇಳಿಕೆ. 1986ರಲ್ಲಿ ಆರಂಭವಾದ ಕ್ಯಾಂಪ್ಕೊ ಕಾರ್ಖಾನೆಯ ಊರಾದ ಪುತ್ತೂರಿನಲ್ಲಿ ಚಾಕೊಲೇಟು ಕೊಳ್ಳುವ ಪ್ರವಾಸಿಗನಿಗೆ ಯಾವ ಕಾರ್ಡೂ ಕೊಡಲಾರದ ರಿಯಾಯಿತಿಯನ್ನು ತೆರಿಗೆ ದರವೇ ಕೊಟ್ಟಿತು. ಅದಕ್ಕಾಗಿ ಯಾರೂ ಪುತ್ತೂರಿನ ದಾರಿ ಹಿಡಿದು ಬರಲಿಲ್ಲವೆಂಬುದು ಬೇರೆ ಮಾತು.

ಮುಖ್ಯ ತೊಡಕು ಇರುವುದು ಈ ದಾರಿಯ ವಿಷಯದಲ್ಲಿಯೇ. ಮೂರು ತಾಲೂಕುಗಳನ್ನು ಒಂದೇ ಪ್ರವಾಸಿ ಪ್ರದೇಶವೆಂದು ನಕಾಶೆಯ ಮೇಲೆ ಗೆರೆ ಎಳೆಯುವುದು ಸುಲಭ. ಸುಬ್ರಹ್ಮಣ್ಯ ಗ್ರಾಮವು ಹಿಂದೆ ಸುಳ್ಯ ತಾಲೂಕಿನಲ್ಲಿಯೇ ಇದ್ದು ಅನಂತರ ಕಡಬಕ್ಕೆ ಸೇರಿತು. ಆದರೆ ಬೆಂಗಳೂರಿನ ಯಾತ್ರಿಕ ಹಾಸನ, ಸಕಲೇಶಪುರ, ಶಿರಾಡಿ ಇಳಿದು ಗುಂಡ್ಯದಲ್ಲಿ ತಿರುಗಿ ನೇರವಾಗಿ ಕುಕ್ಕೆ ಸೇರುತ್ತಾನೆ. ರೈಲಿನವನು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯುತ್ತಾನೆ. ಇಬ್ಬರೂ ಸುಳ್ಯದ ಪೇಟೆಯನ್ನಾಗಲಿ ಪುತ್ತೂರಿನ ಪೇಟೆಯನ್ನಾಗಲಿ ಕಾಣುವುದಿಲ್ಲ. ಸುಳ್ಯಕ್ಕೆ ಸಿಗುವವರು ಮಡಿಕೇರಿ, ಸಂಪಾಜೆಯ ಹಾದಿಯಲ್ಲಿ ಮೈಸೂರು ಕಡೆಯಿಂದ ಬರುವವರು. ಪುತ್ತೂರಿಗೆ ಸಿಗುವವರು ಮಂಗಳೂರಿನ ಕಡೆಯವರು ಮತ್ತು ಏಪ್ರಿಲಿನಲ್ಲಿ ಮಹಾಲಿಂಗೇಶ್ವರನ ಜಾತ್ರೆಗೆ ಬರುವವರು. ಹೀಗಿರುವಾಗ ಮೂರೂ ಕಡೆ ನಡೆಯುವ ಕಾರ್ಡು ಮಾಡುವ ಕೆಲಸವೇನು? ಹೇಗೂ ತನ್ನ ಅಂಗಡಿಗೆ ಬರಲಿದ್ದ ಗಿರಾಕಿಗೆ ಕುಕ್ಕೆಯ ವರ್ತಕ ಹತ್ತು ರೂಪಾಯಿ ಬಿಟ್ಟುಕೊಡುತ್ತಾನೆ. ಪುತ್ತೂರಿನ ವರ್ತಕ ವಾರ್ಷಿಕ ಸದಸ್ಯತ್ವದ ಹಣ ಕಟ್ಟಿ ಗಿರಾಕಿಯನ್ನು ಕಾಯುತ್ತಾನೆ. ಒಬ್ಬನಿಗೆ ಅಗತ್ಯವಿಲ್ಲ, ಇನ್ನೊಬ್ಬನಿಗೆ ತಲುಪುವುದಿಲ್ಲ. ಎರಡನೆಯ ವರ್ಷ ಇಬ್ಬರೂ ಸದಸ್ಯತ್ವ ನವೀಕರಿಸದಿದ್ದರೆ ಅಚ್ಚರಿ ಪಡಬೇಕಿಲ್ಲ.

ಕಾನೂನಿನ ಅಂಶವನ್ನು ಉದ್ಯಮಿಗಳು ಹಗುರವಾಗಿ ಪರಿಗಣಿಸುವ ಅಪಾಯವಿದೆ. ಕಾರ್ಡಿನಲ್ಲಿ ಹಣ ತುಂಬಿಸಿ ಹಲವು ಅಂಗಡಿಗಳಲ್ಲಿ ಅದರಿಂದ ಪಾವತಿ ಮಾಡುವ ವ್ಯವಸ್ಥೆಯು 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ರಿಸರ್ವ್ ಬ್ಯಾಂಕಿನ ಅನುಮತಿ ಕಡ್ಡಾಯ. 2021ರ ಆಗಸ್ಟ್ 27ರ ನಿರ್ದೇಶನಗಳು ಬ್ಯಾಂಕೇತರ ಅರ್ಜಿದಾರರಿಗೆ ಕನಿಷ್ಠ 5 ಕೋಟಿ ರೂಪಾಯಿ ನಿವ್ವಳ ಸಂಪತ್ತನ್ನೂ, ಮೂರನೆಯ ಹಣಕಾಸು ವರ್ಷದ ಅಂತ್ಯಕ್ಕೆ 15 ಕೋಟಿಯನ್ನೂ ವಿಧಿಸಿದವು. ಯಾವ ತಾಲೂಕು ಮಟ್ಟದ ವರ್ತಕರ ಸಂಘಕ್ಕೂ ಇದು ಎಟುಕುವ ಮಾತಲ್ಲ. ಒಬ್ಬ ವರ್ತಕನು ತನ್ನ ಅಂಗಡಿಯಲ್ಲಿ ಮಾತ್ರ ನಡೆಯುವ ಕಾರ್ಡು ಅಥವಾ ಕೂಪನು ಕೊಟ್ಟರೆ ಅದಕ್ಕೆ ಅನುಮತಿ ಬೇಕಿಲ್ಲ. ಹಣ ತುಂಬಿಸದ, ಕೇವಲ ಸದಸ್ಯತ್ವದ ರಿಯಾಯಿತಿ ಕಾರ್ಡಿಗೂ ಈ ತೊಡಕಿಲ್ಲ. ಆದರೆ ಅದು ಸೇವೆ. ನೀಡುವ ಸಂಸ್ಥೆ ನೋಂದಾಯಿತವಾಗಿದ್ದರೆ 300 ರೂಪಾಯಿಯ ಮೇಲೆ ಶೇ. 18ರಂತೆ 54 ರೂಪಾಯಿ ತೆರಿಗೆ ಕೂಡುತ್ತದೆ. ಸದಸ್ಯರಲ್ಲದ ಹೊರಗಿನವರಿಗೆ ಕಾರ್ಡು ಮಾರಿ ಬಂದ ಹಣಕ್ಕೆ ಆದಾಯ ತೆರಿಗೆಯಲ್ಲಿ ಪರಸ್ಪರತೆಯ ರಕ್ಷಣೆಯನ್ನು ಸಂಘವು ನಿರೀಕ್ಷಿಸುವಂತಿಲ್ಲ.

ವರ್ತಕನ ಪುಸ್ತಕದಲ್ಲಿಯೂ ಎಚ್ಚರ ಬೇಕು. ಮಾರಾಟದ ವೇಳೆ ಕೊಟ್ಟ ರಿಯಾಯಿತಿಯನ್ನು ಬಿಲ್ಲಿನಲ್ಲಿ ನಮೂದಿಸಿದರೆ ಮಾತ್ರ ತೆರಿಗೆಯ ಮೌಲ್ಯದಿಂದ ಅದನ್ನು ಕಳೆಯಬಹುದು. ಬಾಯಿಮಾತಿನಲ್ಲಿ ಬಿಟ್ಟ ಹತ್ತು ರೂಪಾಯಿಗೆ ತೆರಿಗೆ ಕೈಯಿಂದಲೇ ಹೋಗುತ್ತದೆ. ಬಿಟ್ಟ ಹಣವನ್ನು ಸಂಘ ಆಮೇಲೆ ತುಂಬಿಕೊಡುವುದಾದರೆ, ಅದು ಮೂರನೆಯವರಿಂದ ಬಂದ ಪ್ರತಿಫಲವಾಗಿ ಮತ್ತೆ ಮೌಲ್ಯಕ್ಕೆ ಸೇರುತ್ತದೆ. ಒಂದೂವರೆ ಕೋಟಿಯೊಳಗಿನ ವಹಿವಾಟಿಗೆ ರಾಜಿ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೂ ಇದು ಅನ್ವಯ. ಕೂಪನುಗಳ ಬಗ್ಗೆ ಇದ್ದ ಹಳೆಯ ಗೊಂದಲ ಮಾತ್ರ ಬಹುತೇಕ ತೀರಿದೆ: 2024ರ ಡಿಸೆಂಬರ್ 31ರ ಸುತ್ತೋಲೆಯು ಕೂಪನಿನ ವಹಿವಾಟು ಸ್ವತಃ ಸರಕೂ ಅಲ್ಲ, ಸೇವೆಯೂ ಅಲ್ಲ ಎಂದಿತು, 2025ರ ಹಣಕಾಸು ಕಾಯ್ದೆ ಸಂಬಂಧಿತ ಉಪಕಲಮುಗಳನ್ನೇ ಕೈಬಿಟ್ಟಿತು.

ಮುಂಗಡ ಹಣವು ಆದಾಯವಲ್ಲ, ಹೊಣೆ ಎಂಬುದನ್ನು ಮರೆಯಬಾರದು. 2024ರ ಜುಲೈ ಕೊನೆಯಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ರೋಡ್ ಘಾಟಿಯ ಹಳಿ ಕುಸಿದು ರೈಲು ನಿಂತಿತು. ಅದೇ ಮಳೆಯಲ್ಲಿ ಶಿರಾಡಿಯಲ್ಲೂ ಗುಡ್ಡ ಜರಿಯಿತು. 2018ರ ಆಗಸ್ಟಿನಲ್ಲಿ ಸಂಪಾಜೆಯ ಮೇಲಿನ ಜೋಡುಪಾಲದಲ್ಲಿ ಭೂಕುಸಿತವಾಗಿ ಮಡಿಕೇರಿಯ ಹಾದಿ ಮುಚ್ಚಿತು. 2020ರಲ್ಲಂತೂ ದೇವಾಲಯದ ಬಾಗಿಲೇ ಮುಚ್ಚಿತ್ತು. ಅಂಥ ದಿನ ಕಾರ್ಡು ಕೊಂಡವನು ಹಣ ವಾಪಸು ಕೇಳುತ್ತಾನೆ; ಕೊಡದಿದ್ದರೆ ಗ್ರಾಹಕ ಆಯೋಗದ ಮೆಟ್ಟಿಲೇರುತ್ತಾನೆ. ದೊಡ್ಡ ಕಂಪನಿಗಳು ಬಳಕೆಯಾಗದೆ ಉಳಿಯುವ ಮುಂಗಡವನ್ನೇ ಲಾಭವೆಂದು ಎಣಿಸುತ್ತವೆ. ಮುಖಪರಿಚಯದ ಮೇಲೆ ನಡೆಯುವ ಪೇಟೆಗೆ ಆ ಲಾಭ ಶೋಭೆಯಲ್ಲ.

ಒಟ್ಟಿನಲ್ಲಿ, ಮುಂಗಡ ಹಣದ ಕಾರ್ಡು ಈ ಭಾಗಕ್ಕೆ ತಾಪತ್ರಯಕ್ಕೆ ತಕ್ಕ ಪ್ರತಿಫಲ ಕೊಡುವಂತಿಲ್ಲ. ಆದರೆ ಸುಳ್ಯ, ಪುತ್ತೂರುಗಳ ವರ್ತಕರ ಕೊರತೆ ನಿಜವಾದುದು. ಅಡಿಕೆಯ ಧಾರಣೆಯನ್ನೇ ನಂಬಿದ ಪೇಟೆಗೆ, ಅದರಲ್ಲೂ ಹಳದಿ ಎಲೆ ರೋಗ ತೋಟಗಳನ್ನು ತಿಂದ ಸಂಪಾಜೆ, ಅರಂತೋಡಿನ ಕಡೆ, ಹೊರಗಿನ ಗಿರಾಕಿ ಬೇಕೇ ಬೇಕು. ಅದಕ್ಕೆ ಅಗ್ಗದ ದಾರಿ ಇದೆ. ಸೇವೆಗಾಗಿ ಎರಡು ದಿನ ಉಳಿಯುವ ಯಾತ್ರಿಕನಿಗೆ ಸೇವೆಯ ನಡುವೆಯೋ ಮುಗಿದ ಮೇಲೋ ಅರ್ಧ ದಿನ ಬಿಡುವಿರುತ್ತದೆ. ಕುಕ್ಕೆಯ ವಸತಿಗೃಹಗಳ ಕೌಂಟರಿನಲ್ಲಿ ಉಚಿತವಾಗಿ ಕೊಡುವ ಒಂದು ಚೀಟಿ, ಅದರಲ್ಲಿ ತೊಡಿಕಾನದ ಮಲ್ಲಿಕಾರ್ಜುನ ದೇವಾಲಯ ಮತ್ತು ಅಲ್ಲಿನ ಮೀನುಗಳು, ಪುತ್ತೂರಿನ ಶಿವರಾಮ ಕಾರಂತರ ಬಾಲವನ, ಇರ್ದೆಯ ಬೆಂದ್ರ್ ತೀರ್ಥಗಳ ದಾರಿ, ಹಿಂಬದಿಯಲ್ಲಿ ಆ ದಾರಿಯ ನಾಲ್ಕಾರು ಅಂಗಡಿಗಳ ಹೆಸರು. ಒಬ್ಬೊಬ್ಬರೂ ತಮಗೆ ಗಿಟ್ಟುವ ರಿಯಾಯಿತಿಯನ್ನು ತಾವೇ ಬರೆದದ್ದು, ರಜಾದಿನಗಳನ್ನು ಹೊರತುಪಡಿಸಿದ್ದು. ಪಾವತಿಗೆ ಎಲ್ಲರ ಕೈಯಲ್ಲೂ ಯುಪಿಐ ಇದೆ. 2020ರ ಜನವರಿಯಿಂದ ಅದರ ಮೇಲೆ ವರ್ತಕನಿಗೆ ಶುಲ್ಕವನ್ನೂ ತೆಗೆದುಹಾಕಲಾಯಿತು. ಹಾಗಾಗಿ ಇನ್ನೊಂದು ಪ್ಲಾಸ್ಟಿಕ್ಕಿನ ಅಗತ್ಯವೇನೂ ಕಾಣುವುದಿಲ್ಲ.

ಚೀಟಿಯ ಮುದ್ರಣದ ಖರ್ಚನ್ನು ಅದರಲ್ಲಿ ಹೆಸರಿರುವ ಅಂಗಡಿಗಳೇ ಹಂಚಿಕೊಳ್ಳಬೇಕು, ಕುಕ್ಕೆಯ ವಸತಿಗೃಹಗಳಲ್ಲ; ಏಕೆಂದರೆ ಲಾಭ ಇವರಿಗೆ. ಪ್ರತಿ ಚೀಟಿಗೂ ಕ್ರಮಸಂಖ್ಯೆ ಇದ್ದು, ಅಂಗಡಿಗೆ ಬಂದ ಚೀಟಿಯನ್ನು ಬಿಲ್ಲಿನ ನಕಲಿಗೆ ಲಗತ್ತಿಸಿಡಬೇಕು. ದೀಪಾವಳಿಯ ನಂತರ ಆರಂಭಿಸಿ ಪುತ್ತೂರು ಜಾತ್ರೆಯವರೆಗೆ ನಡೆಸಿದರೆ, ಹಂಚಿದ್ದೆಷ್ಟು, ಮರಳಿದ್ದೆಷ್ಟು ಎಂಬ ಅಂಕಿ ವರ್ಷಾಂತ್ಯದ ಲೆಕ್ಕಪತ್ರದ ಹೊತ್ತಿಗೆ ಬಹುಪಾಲು ಕೈಯಲ್ಲಿರುತ್ತದೆ. ನೂರಕ್ಕೆ ಐದು ಚೀಟಿಗಳೂ ಮರಳದಿದ್ದರೆ ಮುಂದಿನ ವರ್ಷ ಮುದ್ರಿಸುವುದು ಬೇಡ.